ಓದುಗರು ಕೇಳ್ಯಾರ: ಅಕ್ಕಿ ಚೀಲದ ತೂಕಕ್ಕ ನಿಲ್ಲೋ ವೈಸ್

ಪ್ರಶ್ನೆ: ನಮಸ್ಕಾರ್ರೀ ಸರ್. ಗಂಗಾವತಿಯಾಗ ಬಾಡಿಗಿ ಮನಿ ನಮ್ದು, ಮ್ಯಾಲಿನ ಮಹಡಿ, ಎರಡ ರೂಮು. ನೌಕರಿ ಬ್ಯಾರೆ ಐತಿ, ಆದ್ರ ಐತವಾರ ಬಂದ್ರ ಕಟ್ಟಿಗಿ ಕೆಲಸ ಮಾಡ್ಲಿಲ್ಲಂದ್ರ ನಂಗ ಸಮಾಧಾನ ಇಲ್ರಿ, ಸಣ್ಣ ಸ್ಟೂಲು, ದೇವರ ಮಂಟಪ, ಹುಡುಗರ ಪುಸ್ತಕದ ಸ್ಟ್ಯಾಂಡು ಇಂಥವು ಮಾಡ್ತಿರ್ತೀನಿ. ನಮ್ಮಜ್ಜ ನೆಲದ ಮ್ಯಾಲ ಕುಂತು ಕಾಲಾಗ ಕಟ್ಟಿಗಿ ಒತ್ತಿ ಹಿಡಕೊಂಡು ಗರಗಸ ಹೊಡೀತಿದ್ದ, ನಾನೂ ಹಂಗ ಕಲ್ತೀನಿ. ಈಗ ಮಣಕಾಲು ತಡಿಯೋದಿಲ್ಲ, ಮತ್ತ ಹೋದ ತಿಂಗಳ ಉಳಿ ಜಾರಿ ಕಾಲಿನ ಹೆಬ್ಬೆರಳಿಗೆ ಹತ್ತಿ ಮೂರು ಹೊಲಿಗಿ ಹಾಕಿಸ್ಕೊಂಡು ಬಂದೆ. ಅಂಗಡ್ಯಾಗ ಕಟ್ಟಿಗಿ ಬಿಗದು ಹಿಡಿಯೋ ಬೀಡಿನ ವೈಸ್ ನೋಡ್ದೆ, ಎತ್ತಾಕ ಎರಡು ಕೈ ಬೇಕು, ಅದನ್ನ ಕುಂದ್ರಸಾಕ ದಪ್ಪನ್ನ ಟೇಬಲ್ ಬ್ಯಾರೆ ಬೇಕಂತ. ನಾಳೆ ಮನಿ ಬದ್ಲಿ ಮಾಡಿದ್ರ ಅದನ್ನ ಎಲ್ಲಿ ಹೊತ್ಕೊಂಡು ಹೋಗ್ಲಿ? ಎತ್ಕೊಂಡು ಓಡಾಡೋ ಅಂಥ ವೈಸ್ ಮನಿಯಾಗ ಮಾಡಾಕ ಬರ್ತೈತೇನ್ರಿ? ನನ್ನ ಕಡೆ ಸಣ್ಣ ಡ್ರಿಲ್ ಮಷೀನು, ಉಳಿ, ರಂದಾ, ಗರಗಸ, ಮೂಲಮಟ್ಟ ಅದಾವ, ಅಷ್ಟ.
(ಒಬ್ಬ ಓದುಗರು, ಗಂಗಾವತಿ)

ಉತ್ತರ: ಮೊದ್ಲು ಆ ಬೆರಳಿನ ಗಾಯ ಪೂರ್ತಿ ಮಾಯ್ಲಿ ಬಿಡ್ರಿ, ಒಂದೆರಡು ಐತವಾರ ಹಂಗ ಹೋದ್ರೂ ಚಿಂತಿಲ್ಲ. ಕಾಲಾಗ ಹಿಡಿಯೋದು ನಮ್ಮ ಕಡೆ ಬಡಿಗ್ಯಾರು ತಲಿತಲಾಂತರದಿಂದ ಮಾಡಿದ್ದು, ನಾನು ಅದನ್ನ ತಪ್ಪು ಅನ್ನೋದಿಲ್ಲ, ಗರಗಸಕ್ಕ ನಡಿತೈತಿ, ಆದ್ರ ಉಳಿ ಹೋಗೋ ದಾರಿಯಾಗ ಕೈಯೂ ಇರಬಾರ್ದು ಕಾಲೂ ಇರಬಾರ್ದು, ಇದೊಂದು ಮಾತು ಮಾತ್ರ ಎಷ್ಟು ಸಲ ಹೇಳಿದ್ರೂ ಕಡಿಮಿನ.

ಮಾಡಾಕ ಬರ್ತೈತ್ರಿ, ಭಾಳ ಚೊಲೋನೂ ಬರ್ತೈತಿ. ನಿಮ್ಮ ಅಡಗಿಮನ್ಯಾಗಿನ ಈಳಿಗಿಮಣಿ ಒಂದ್ಸಲ ಎತ್ತಿ ನೋಡ್ರಿ, ತೂಕ ಏನೂ ಇರಲ್ಲ, ಆದ್ರೂ ಅದ್ರ ಮಣಿ ಮ್ಯಾಲ ಕಾಲು ಹಾಕಿ ಕುಂತು ಕುಂಬಳಕಾಯಿ ಹೆಚ್ಚಿದ್ರೂ ಅಲುಗಾಡೋದಿಲ್ಲ. ಯಾಕಂದ್ರ ಅಲ್ಲಿ ತೂಕ ಈಳಿಗಿದಲ್ಲ, ಕುಂತೋರ್ದು. ಅಂಗಡಿ ವೈಸಿಗೆ ಹದಿನೈದು ಕಿಲೋ ಬೀಡು, ಅದ್ರ ಕೆಳಗ ನೂರು ಕಿಲೋ ಟೇಬಲ್ಲು ಯಾಕ ಬೇಕಂದ್ರ ಅದು ಒಂದ ಜಾಗದಾಗ ಇರೋ ವರ್ಕ್‌ಶಾಪಿಗಂತ ಮಾಡಿದ್ದು. ನಿಮಗ ಬೇಕಾಗಿರೋದು ಹಗುರು ವೈಸು, ತೂಕನ ಹೋದಲ್ಲಿ ಇಸ್ಕೊಂಡ್ರಾತು. ಗಂಗಾವತಿಯಾಗ ಇದ್ದು ಅಕ್ಕಿ ಚೀಲಕ್ಕ ಬರ ಏನ್ರಿ? ಒಂದು ಉದ್ದನ ಹಲಗಿ, ಅದ್ರ ಮುಂದಿನ ತುದಿಗೆ ವೈಸಿನ ಬಾಯಿ, ಹಿಂದಿನ ತುದಿ ಮ್ಯಾಲ 25 ಕಿಲೋ ಚೀಲ ಎರಡು ಒಗದ್ರ ಆತು, ಅದು ಎಲ್ಲೂ ಹೋಗೋದಿಲ್ಲ. ಚೀಲದ ಮ್ಯಾಲೊಂದು ಹಳೆ ಚಾದರ ಹೊಚ್ರಿ, ಹೊಟ್ಟು ಬಿದ್ದೀತು.

ಇನ್ನ ಬಾಯಿ ಹೆಂಗಿರ್ಬೇಕು ಅನ್ನೋದು. ಹೊಸಬರು ಹೆಚ್ಚು ಎಡವೋದು ಇಲ್ಲೇ, ಸ್ಕ್ರೂ ದಪ್ಪ ಇದ್ರ ಹಿಡಿತ ಗಟ್ಟಿ ಅನ್ಕೊಂಡು ನಡುವ ಒಂದು ದೊಡ್ಡ ಸ್ಕ್ರೂ ಹಾಕಿಬಿಡ್ತಾರ. ಆಮ್ಯಾಲ ಕಟ್ಟಿಗಿ ಆ ಸ್ಕ್ರೂ ಇರೋ ಜಾಗಕ್ಕ ಇಡಾಕ ಬರಲ್ಲ, ಪಕ್ಕಕ್ಕ ಇಡಬೇಕು, ಪಕ್ಕಕ್ಕ ಇಟ್ಟು ಬಿಗದ್ರ ಮುಂದಿನ ದವಡಿ (ಕಟ್ಟಿಗಿ ನಡುವ ಒತ್ತಿ ಹಿಡಿಯೋ ಎರಡು ತುಂಡಿನ್ಯಾಗ ಮುಂದಿಂದು) ಆ ಕಡೆ ಮುಚ್ಚಿ ಈ ಕಡೆ ತಕ್ಕೊಂಡು ಓರಿಯಾಗಿ ನಿಲ್ತೈತಿ, ಕಟ್ಟಿಗಿ ಒಂದು ಅಂಚಿನ ಮ್ಯಾಲ ಮಾತ್ರ ಹಿಡದಿರ್ತೈತಿ, ಕೊಡತಿ ಏಟು ಬಿದ್ದ ಕೂಡ್ಲೆ ಜಾರ್ತೈತಿ. ಅಂಗಡಿ ವೈಸಿನಾಗ ಇದಕ್ಕಂತ ಸ್ಕ್ರೂ ಎಡಬಲಕ್ಕ ದವಡಿ ನೆಟ್ಟಗ ಸರಿಯೋ ಹಂಗ ಎರಡು ಗೈಡ್ ರಾಡ್ ಹಾಕಿರ್ತಾರ, ಮನಿಯಾಗ ಅದನ್ನ ಕರೆಕ್ಟಾಗಿ ಕುಂದ್ರಸೋದು ಕಷ್ಟ. ಅದ್ಕ ಎರಡು ತುದಿಗೆ ಎರಡು ಸ್ಕ್ರೂ ಹಾಕ್ರಿ, ಕಟ್ಟಿಗಿ ಎರಡರ ನಡುವ ಬರ್ತೈತಿ, ಎರಡೂ ಕಡೆ ಸಮ ಬಿಗಿ ಮಾಡಿದ್ರ ಓರಿ ಆಗೋ ಮಾತೇ ಇಲ್ಲ. ಇದು ಹೊಸದೇನಲ್ಲ, ಇಂಗ್ಲೆಂಡಿನ ಜೋಸೆಫ್ ಮೊಕ್ಸನ್ ಅನ್ನೋರು 17ನೇ ಶತಮಾನದಾಗ ಬಡಿಗತನದ ಬಗ್ಗೆ ಬರೆದಾಗ ಇಂಥ ಎರಡು ಸ್ಕ್ರೂ ವೈಸಿನ ಚಿತ್ರ ಕೊಟ್ಟಿದ್ರು, ಈಗಲೂ ಇದಕ್ಕ ಮೊಕ್ಸನ್ ವೈಸ್ ಅಂತಾನ ಕರೀತಾರ.

ದವಡಿಗೆ ಎರಡು ತುಂಡು ಕಟ್ಟಿಗಿ ಬೇಕು, ಒಂದೊಂದೂ 18 ಇಂಚು ಉದ್ದ, 5 ಇಂಚು ಎತ್ತರ, ಪೌಣೆ ಎರಡು ಇಂಚು ದಪ್ಪ. ದಪ್ಪದಾಗ ಜಿಪುಣತನ ಮಾಡಬ್ಯಾಡ್ರಿ, ತೆಳ್ಳಗಿದ್ರ ಬಿಗದಾಗ ನಡುವ ಬಿಲ್ಲಿನಂಗ ಬಾಗಿ ಕಟ್ಟಿಗಿ ಸಡ್ಲಾಗ್ತೈತಿ. ಯಾವ ಕಟ್ಟಿಗಿ ಅಂದ್ರ, ಒಣಗಿದ್ದು. ಜಾತಿ ಆಮ್ಯಾಲ ನೋಡೋಣು. ನಾನು ಕೊಪ್ಪಳದಾಗ ಮೊದಲನೇ ವೈಸ್ ಮಾಡಿದಾಗ ಹೊಲದ ಬದುವಿನ್ಯಾಗಿಂದು ಹಸಿ ಜಾಲಿ ಕೊಯ್ಸಿ ತಂದು ಎರಡು ವಾರದಾಗ ದವಡಿ ಮಾಡ್ಬಿಟ್ಟೆ, ಯುಗಾದಿಗೆ ಮಾಡಿದ್ದು, ಮೇ ತಿಂಗಳ ಬಿಸಲಿಗೆ ಎರಡೂ ದವಡಿ ಸೊಟ್ಟಾಗಿ ನಡುವ ಬೆರಳು ಹೋಗುವಷ್ಟು ಸಂದಿ ಬಿತ್ತು, ಸ್ಟೂಲಿನ ಹಲಗಿ ಹಿಡಿದಾಗ ಜಾರಿ ಕೆಳಗ ಬಿದ್ದು ಮೂಲಿ ಒಡೀತು. ಒಂದು ವಾರದ ಕೆಲಸ ಹೋತು, ಅದಕ್ಕ ಇಷ್ಟು ಒತ್ತಿ ಹೇಳ್ತೀನಿ. ಒಂದು ಇಂಚು ದಪ್ಪಕ್ಕ ಒಂದು ವರ್ಷ ನೆರಳಾಗ ಒಣಗಬೇಕು ಅನ್ನೋದು ಹಳೆ ಲೆಕ್ಕ, ನಮ್ಮ ಕಡೆ ಗಾಳಿ ಒಣ ಇರೋದ್ರಿಂದ ಜಲ್ದಿ ಒಣಗ್ತೈತಿ ನಿಜ, ಆದ್ರ ಜಲ್ದಿ ಒಣಗಿದ್ರ ತುದಿ ಸೀಳ್ತೈತಿ, ತುದಿಗಳಿಗೆ ಮೇಣ ಇಲ್ಲಾ ಪೇಂಟ್ ಬಳದು ಇಡಬೇಕು.

ಇದೆಲ್ಲ ಕಾಯೋ ಪುರುಸೊತ್ತು ನಿಮಗಿಲ್ಲಂದ್ರ ಹಳೆ ಮಾಳಿಗಿ ಮನಿ ಕೆಡವಿದ ಕಟ್ಟಿಗಿ ಹುಡುಕ್ರಿ. ಈಗ ಊರೂರಾಗ ಮಾಳಿಗಿ ಮನಿ ಕೆಡವಿ ಆರ್‌ಸಿಸಿ ಹಾಕಾಕತ್ಯಾರ, ಆ ತೊಲಿ, ಜಂತಿ, ಬಾಗ್ಲ ಚೌಕಟ್ಟು ಎಲ್ಲ ರಸ್ತೆ ಬದಿಗೆ ಒಟ್ಟಿರ್ತಾರ, ನಲವತ್ತು ಐವತ್ತು ವರ್ಷ ಒಣಗಿದ ಮಾಲು ಅದು, ಇನ್ನ ಸೊಟ್ಟಾಗೋ ಹಂಗಿದ್ರ ಯಾವತ್ತೋ ಆಗಿರ್ತಿತ್ತು. ಹಂಗ ಒಲಿಗೆ ಹೋಗೋದನ್ನ ನೋಡಿದ್ರ ನಂಗ ಹೊಟ್ಟಿ ಉರೀತೈತಿ. ಒಂದು ಚೌಕಟ್ಟಿನ ತುಂಡು ಕೇಳಿ ತಗೊಳ್ರಿ, ಸಾಗವಾನಿ ಇರ್ಲಿ ಕರಿಜಾಲಿ ಇರ್ಲಿ ಬೇವು ಇರ್ಲಿ ನಡಿತೈತಿ. ಅದ್ರಾಗ ಹಳೆ ಮೊಳಿ ಮುರದು ಕುಂತಿರ್ತಾವ, ರಂದಾ ಹಾಕೋಕಿಂತ ಮೊದ್ಲು ಸ್ಪೀಕರಿಂದ ಒಂದು ಅಯಸ್ಕಾಂತ ಉದ್ದಕ್ಕೂ ಆಡಿಸಿ ನೋಡ್ರಿ, ಎಳದಲ್ಲಿ ಮೊಳಿ ಐತಿ ಅಂತ. ನಮ್ಮ ಬಳ್ಳಾರಿ ಜಾಲಿನೂ ಬಿಡಬ್ಯಾಡ್ರಿ. ಅಮೆರಿಕಾ ಖಂಡದಿಂದ ಬಂದ ಗಿಡ, ಹೊಲ ಕೆಡಸ್ತು ಅಂತ ಎಲ್ಲಾರೂ ಬೈತಾರ, ಬೈಯೋದು ಖರೇನೂ ಐತಿ, ಆದ್ರ ಕಟ್ಟಿಗಿ ಅಂತ ನೋಡಿದ್ರ ಭಾಳ ಗಟ್ಟಿ, ಮತ್ತ ಒಣಗಿದ ಮ್ಯಾಲ ಹಿಗ್ಗೋದು ಕುಗ್ಗೋದು ಬ್ಯಾರೆ ಕಟ್ಟಿಗಿಗಿಂತ ಕಡಿಮಿ. ತೊಂದ್ರಿ ಏನಂದ್ರ ನೆಟ್ಟನ ತುಂಡು ಸಿಗೋದು ಕಷ್ಟ, ಆದ್ರ ನಿಮಗ ಬೇಕಾಗಿರೋದು ಒಂದೂವರಿ ಫೂಟು ಮಾತ್ರ. ಯಾವುದೂ ಸಿಗಲಿಲ್ಲಂದ್ರ 18 ಎಂಎಂ ಪ್ಲೈವುಡ್ ಎರಡು ಪದರ ಫೆವಿಕಾಲ್ ಹಚ್ಚಿ ಅಂಟಿಸ್ರಿ, 36 ಎಂಎಂ ಆಗ್ತೈತಿ, ಒಂದು ದಿನ ಪೂರ್ತಿ ತೂಕ ಹೇರಿ ಬಿಡ್ರಿ.

ಸ್ಕ್ರೂಗೆ ಹಾರ್ಡ್‌ವೇರ್ ಅಂಗಡ್ಯಾಗ 16 ಎಂಎಂ ತ್ರೆಡ್ ರಾಡ್ (ಉದ್ದಕ್ಕೂ ಸ್ಕ್ರೂವಿನಂಗ ಸುತ್ತು ಇರೋ ರಾಡು) ಕೇಳ್ರಿ, ಒಂದು ಮೀಟರ್ ಉದ್ದಂದು ಸಿಗ್ತೈತಿ, 10 ಇಂಚಿನ ಎರಡು ತುಂಡು ಕೊಯ್ಸಿ ಉಳದದ್ದು ಇಟ್ಕೊಳ್ರಿ. ಇದಕ್ಕ ನಟ್ಟು ಆರು, ದೊಡ್ಡ ವಾಷರ್ ನಾಕು. ಈ ರಾಡಿನ ತ್ರೆಡ್ 2 ಎಂಎಂ, ಅಂದ್ರ ಒಂದು ಸುತ್ತಿಗೆ ದವಡಿ 2 ಎಂಎಂ ಸರಿತೈತಿ. ನಿಧಾನ ಅನಸ್ತೈತಿ, ಆದ್ರ ಅದ್ರಿಂದನ ಬಲ ಬರೋದು. ಲೆಕ್ಕ ಹಾಕಿ ನೋಡ್ರಿ, ನಡುವಿನಿಂದ 3 ಇಂಚು ದೂರದಾಗ ಹಿಡಿ ಹಿಡಕೊಂಡು 10 ಕಿಲೋ ಬಲ ಹಾಕಿದ್ರ, ತ್ರೆಡ್ಡಿನ ತಿಕ್ಕಾಟದಾಗ ಹೋಗೋದೆಲ್ಲ ಹೋಗಿ, ಒಂದೊಂದು ಸ್ಕ್ರೂ ಸುಮಾರು 200 ಕಿಲೋ ಮ್ಯಾಲ ಒತ್ತತೈತಿ. ಎರಡೂ ಸೇರಿ 400. ಇದಕ್ಕಿಂತ ಹೆಚ್ಚಿಗಿ ಯಾವ ಸ್ಟೂಲಿನ ಕಾಲಿಗೂ ಬೇಕಾಗಿಲ್ಲ.

ತೂತು ಹಾಕೋ ಕೆಲಸ ಸಮಾಧಾನದಿಂದ ಮಾಡ್ರಿ, ಇಡೀ ವೈಸಿನ ನಡತಿ ಇದ್ರ ಮ್ಯಾಲ ನಿಂತೈತಿ. ಎರಡೂ ದವಡಿ ಮುಖಕ್ಕ ಮುಖ ಕೂಡಿಸಿ, ತುದಿ ಸಮ ಮಾಡಿ, ಹಗ್ಗದಿಂದ ಇಲ್ಲಾ ಕ್ಲಾಂಪಿಂದ ಬಿಗದು ಒಂದ ತುಂಡು ಇದ್ದಂಗ ಮಾಡ್ಕೊಂಡು, ಕೆಳಗಿನ ಅಂಚಿಂದ 2 ಇಂಚು ಮ್ಯಾಲ, ತುದಿಯಿಂದ ಎರಡೂವರಿ ಇಂಚು ಒಳಗ ಗುರ್ತು ಹಾಕಿ, ಮೊದ್ಲು 6 ಎಂಎಂ ಬಿಟ್ಟಿನಿಂದ ಎರಡರಾಗೂ ಒಂದ ಏಟಿಗೆ ತೂತು ಕೊರೀರಿ, ಮೂಲಮಟ್ಟ ಪಕ್ಕಕ್ಕ ನಿಂದ್ರಿಸಿ ಡ್ರಿಲ್ ನೆಟ್ಟಗ ಐತೇನು ನೋಡ್ಕೋತ. ಬ್ಯಾರೆ ಬ್ಯಾರೆ ತೂತು ಹಾಕಿದ್ರ ಕೂದಲಷ್ಟು ಫರಕಾದ್ರೂ ದವಡಿ ಸಿಕ್ಕಾಕೊಂಡು ಸರಿಯೋದೇ ಇಲ್ಲ. ಆಮ್ಯಾಲ ಬಿಡಿಸಿ ಹಿಂದಿನ ದವಡಿಗೆ 16 ಎಂಎಂ, ಮುಂದಿನ ದವಡಿಗೆ 18 ಎಂಎಂ ಮಾಡ್ರಿ. ಮುಂದಿನ ದವಡಿ ತೂತು ಎಡಬಲಕ್ಕ ಇನ್ನೊಂದು ನಾಕು ಎಂಎಂ ಉಜ್ಜಿ ಅಗಲ ಮಾಡಿದ್ರ ಇನ್ನೂ ಚೊಲೋ, ಮ್ಯಾಲ ಕೆಳಗ ಮಾತ್ರ ಮುಟ್ಟಬ್ಯಾಡ್ರಿ. ಒಂದು ಕಡೆ ದಪ್ಪ ಒಂದು ಕಡೆ ತೆಳ್ಳಗ ಇರೋ ಕಟ್ಟಿಗಿ ಹಿಡಿಬೇಕಾದಾಗ ದವಡಿ ಸ್ವಲ್ಪ ವಾಲಾಕ ಆ ಜಾಗ ಬೇಕು. ಎರಡು ತೂತಿನ ನಡುವಿನಿಂದ ನಡುವಿಗೆ 13 ಇಂಚು, ರಾಡಿನ ದಪ್ಪ ಕಳದ್ರ 12 ಇಂಚಿಗಿಂತ ಸ್ವಲ್ಪ ಹೆಚ್ಚು ಉಳಿತೈತಿ, ಅದಕ್ಕ 12 ಇಂಚಿನ ಹಲಗಿ ನಿಂದ್ರಿಸಿ ಹಿಡಿಬೌದು.

ರಾಡು ಹಿಂದಿನ ದವಡಿಗೆ ಅಲುಗದಂಗ ಕೂಡಬೇಕು. ಅದಕ್ಕ ಹಿಂದಿನ ದವಡಿಯ ಮುಖದ ಮ್ಯಾಲ ತೂತಿನ ಸುತ್ತ ನಟ್ಟು ಇಟ್ಟು ಪೆನ್ಸಿಲ್‌ನಿಂದ ಆರು ಮೂಲಿ ಗುರ್ತು ಮಾಡಿ, ನಟ್ಟು ಪೂರ್ತಿ ಒಳಗ ಕುಂದ್ರುವಷ್ಟು ಆಳ ಉಳಿಯಿಂದ ಮನಿ ತಗೀರಿ. ನಟ್ಟು ಮುಖಕ್ಕಿಂತ ಒಂದು ಎಂಎಂ ಒಳಗ ಇರ್ಬೇಕು, ಹೊರಗ ಚಾಚಿದ್ರ ನಿಮ್ಮ ಕಟ್ಟಿಗಿಗೆ ಕಲಿ ಬೀಳ್ತೈತಿ. ಹಿಂದಿನ ಕಡೆಯಿಂದ ವಾಷರ್, ಇನ್ನೊಂದು ನಟ್ಟು ಹಾಕಿ 24ರ ಪಾನಾ ಹಿಡಿದು ಬಿಗದ್ರ ರಾಡು ಕಲ್ಲಿನಂಗ ನಿಲ್ತೈತಿ.

ಮುಂದಿನ ಹಿಡಿಗೆ ವೆಲ್ಡಿಂಗ್ ಅಂಗಡಿಗೆ ಹೋಗಿ ಉಳದೆರಡು ನಟ್ಟಿಗೆ 10 ಎಂಎಂ ಸಳಿಯಿಂದು ಮೂರು ಮೂರು ಇಂಚಿನ ತುಂಡು ಎಡಕ್ಕೊಂದು ಬಲಕ್ಕೊಂದು ಹಚ್ಚಿಸ್ಕೊಂಡು ಬರ್ರಿ. ಈ ಎರಡು ನಟ್ಟು ಮಾತ್ರ ಕರಿ ನಟ್ಟು ಕೊಡ್ರಿ, ಬೆಳ್ಳಗ ಹೊಳಿಯೋ ಪ್ಲೇಟಿಂಗ್ ನಟ್ಟು ಬ್ಯಾಡ, ಅದ್ರ ಮ್ಯಾಲಿನ ಸತು ಸುಟ್ಟು ಬರೋ ಹೊಗಿ ಕುಡುದ್ರ ವೆಲ್ಡಿಂಗ್ ಮಾಡೋ ಹುಡುಗಗ ರಾತ್ರಿಗೆ ಚಳಿಜ್ವರ ಬರ್ತೈತಿ. ಅವ್ರು ಹೇಳೋದಿಲ್ಲ, ನಾವ ತಿಳ್ಕೊಂಡು ಒಯ್ಯಬೇಕು.

ಈಗ ಹಲಗಿ. 18 ಎಂಎಂ ಪ್ಲೈವುಡ್, 12 ಇಂಚು ಅಗಲ, 3 ಫೂಟು ಉದ್ದ. ಹಿಂದಿನ ದವಡಿಯನ್ನ ಇದ್ರ ಮುಂದಿನ ತುದಿ ಮ್ಯಾಲ ನಿಂದ್ರಿಸ್ರಿ, ದವಡಿ ಮುಖ ಹಲಗಿ ಅಂಚಿಗೆ ಸಮ ಇರ್ಬೇಕು, ಆಗ ಹಿಡಿದ ಕಟ್ಟಿಗಿ ನೇರ ಕೆಳಗ ಇಳಿತೈತಿ. ಫೆವಿಕಾಲ್ ಹಚ್ಚಿ ಕೆಳಗಿಂದ 3 ಇಂಚಿನ ನಾಕು ಸ್ಕ್ರೂ ಹಾಕಿ, ಹಿಂದಿಂದ ಎರಡು ತ್ರಿಕೋನ ಕಟ್ಟಿಗಿ ಆನಿಕಿ ಕೊಡ್ರಿ, ಪಾನಾ ಆಡಾಕ ಜಾಗ ಬಿಟ್ಟು. ಹಲಗಿ ಕೆಳಗ, ಮುಂದಿನ ಅಂಚಿಗೆ ಒಂದು ಅಡ್ಡ ಪಟ್ಟಿ ಹೊಡೀರಿ, ಅದು ಕಟ್ಟಿ ಅಂಚಿಗೆ ಸಿಕ್ಕಾಕೊಂಡ್ರ ನೀವು ಗರಗಸ ಮುಂದಕ್ಕ ದಬ್ಬಿದಾಗ ಹಲಗಿ ಹಿಂದ ಸರಿಯಲ್ಲ. ಹಿಂದಿನ ತುದಿಗೆ ಕೈ ಹಿಡಿಸುವಷ್ಟು ಉದ್ದ ತೂತು ಮಾಡಿದ್ರ ಅದ ಹಿಡಿಕಿ, ಸೂಟ್‌ಕೇಸಿನಂಗ ಎತ್ಕೊಂಡು ಹೋಗ್ರಿ. ಎಲ್ಲ ಸೇರಿ ಹತ್ತು ಕಿಲೋ ಆಸುಪಾಸು ಆಗ್ತೈತಿ.

ಎಲ್ಲಿ ಇಡೋದು ಅಂತ ಕೇಳ್ತೀರಿ. ನಿಮ್ದು ಮ್ಯಾಲಿನ ಮಹಡಿ ಅಂದ್ರಿ, ಟೆರೇಸಿನ್ಯಾಗ ನೀರಿನ ಟ್ಯಾಂಕ್ ಇಟ್ಟ ಕಟ್ಟಿ ಇರ್ತೈತಲ್ಲ, ಅದ್ರಾಗ ಒಂದು ಮೂಲಿ ಖಾಲಿ ಇದ್ರ ಅದಕ್ಕಿಂತ ಚೊಲೋ ಜಾಗ ಇಲ್ಲ, ನಿಂತು ಕೆಲಸ ಮಾಡಬೌದು, ಮಣಕಾಲಿಗೂ ಆರಾಮ. ಪ್ಯಾರಾಪೆಟ್ ಗ್ವಾಡಿ ಮ್ಯಾಲ ಮಾತ್ರ ಇಡಬ್ಯಾಡ್ರಿ, ಕೆಳಗ ಮಂದಿ ಓಡಾಡ್ತಿರ್ತಾರ. ಅಡಗಿಮನಿ ಕಡಪ ಕಲ್ಲಿನ ಅಂಚಿಗೆ ಕ್ಲಾಂಪ್ ಹಾಕಿ ಬಿಗಿಯೋದೂ ಬ್ಯಾಡ, ಕಲ್ಲು ಬಿರುಕು ಬಿಟ್ರ ಮಾಲಕರ ಕೂಡ ಜಗಳ. ಗಟ್ಟಿ ಕಟ್ಟಿಗಿ ಟೇಬಲ್ ಇದ್ದಲ್ಲಿ ಚೀಲದ ಬದ್ಲಿ ಎರಡು ಜಿ ಕ್ಲಾಂಪ್ ಹಾಕ್ರಿ.

ಕಡೀಕ, ದವಡಿಗೆ ಪಾಲಿಶ್ ಹೊಡೀಬ್ಯಾಡ್ರಿ, ಕಟ್ಟಿಗಿ ಜಾರ್ತೈತಿ. ಅಗಸಿ ಎಣ್ಣಿ ಒಂದು ಕೈ ಒರಸ್ರಿ ಸಾಕು. ಆದ್ರ ಆ ಎಣ್ಣಿ ಅರಿವಿಯನ್ನ ಮುದ್ದಿ ಮಾಡಿ ಮೂಲ್ಯಾಗ ಒಗದು ಬಿಡಬ್ಯಾಡ್ರಿ, ಅಗಸಿ ಎಣ್ಣಿ ಒಣಗುವಾಗ ಬಿಸಿ ಹುಟ್ಟಿಸ್ತೈತಿ, ಮುದ್ದಿಯಾಗಿದ್ರ ಆ ಬಿಸಿ ಹೊರಗ ಹೋಗಾಕ ಆಗದ ತಾನ ಹೊತ್ಕೊಂಡು ಉರೀತೈತಿ, ಅದ್ರಾಗ ನಮ್ಮ ಬ್ಯಾಸಗಿ 40 ಡಿಗ್ರಿ ದಾಟೋ ಬ್ಯಾಸಗಿ. ಹಗ್ಗಕ್ಕ ಹರವಿ ಒಣಗಿಸಿ, ಇಲ್ಲಾ ನೀರಾಗ ನೆನಸಿ ಆಮ್ಯಾಲ ಒಗೀರಿ.

ಪ್ರಶ್ನೆ: ಸರ್, ನಾನು ಸಿಂಧನೂರು ಕಡೆಯವ, ಇಂಥದೇ ಎರಡು ಸ್ಕ್ರೂ ವೈಸ್ ಮಾಡೀನಿ, ಆದ್ರ 12 ಎಂಎಂ ರಾಡ್ ಹಾಕೀನಿ. ಆರು ತಿಂಗಳಾದ ಮ್ಯಾಲ ತಿರುಗ್ಸೋದು ಭಾಳ ಬಿರುಸಾಗ್ಯಾದ. ಗ್ರೀಸ್ ಹಚ್ಚಿದಷ್ಟೂ ಇನ್ನೂ ಬಿರುಸು ಆಗ್ತದ. ರಾಡ್ ಬದ್ಲಿ ಮಾಡ್ಬೇಕಾ? ಕಾಂಕ್ರೀಟ್ ಹಾಕೋ ಮುಂದ ಸೆಂಟ್ರಿಂಗ್‌ನಾಗ ಹಲಗಿ ಬಿಗಿಯಾಕ ಬಳಸೋ ಟೈ ರಾಡ್ ಹಾಕಿದ್ರ ಹ್ಯಾಂಗ?
(ಒಬ್ಬ ಓದುಗರು, ಸಿಂಧನೂರು ತಾಲ್ಲೂಕು)

ಉತ್ತರ: ತಪ್ಪು ರಾಡಿಂದಲ್ರಿ, ಗ್ರೀಸಿಂದು. ಗ್ರೀಸಿಗೆ ಕಟ್ಟಿಗಿ ಹೊಟ್ಟು ಹತ್ತಿ ಹಿಟ್ಟಿನಂಗ ಗಟ್ಟಿಯಾಗಿ ತ್ರೆಡ್ ಸಂದ್ಯಾಗ ಕುಂತೈತಿ, ನೀವು ಮತ್ತ ಮತ್ತ ಹಚ್ಚಿದಷ್ಟೂ ಇನ್ನಷ್ಟು ಹೊಟ್ಟು ಹಿಡಿತೈತಿ. ಒಂದು ಹಳೆ ಹಲ್ಲುಜ್ಜೋ ಬ್ರಶ್, ಸ್ವಲ್ಪ ಡೀಸಲ್ ತಗೊಂಡು ತ್ರೆಡ್ ಪೂರ್ತಿ ತಿಕ್ಕಿ ತೊಳದು ಒರಸಿ ಒಣಗಿಸ್ರಿ, ಆಮ್ಯಾಲ ಮೇಣದಬತ್ತಿ ತಗೊಂಡು ರಾಡಿನ ಉದ್ದಕ್ಕೂ ಉಜ್ಜಿ ನಟ್ಟು ನಾಕು ಸಲ ಹಿಂದಮುಂದ ಓಡಿಸ್ರಿ. ಮೇಣ ಒಣ ಇರ್ತೈತಿ, ಹೊಟ್ಟು ಹತ್ತೋದಿಲ್ಲ. ಎರಡು ತಿಂಗಳಿಗೊಮ್ಮೆ ಇಷ್ಟು ಮಾಡಿದ್ರ ಸಾಕು.

12 ಎಂಎಂ ರಾಡಿನ ತ್ರೆಡ್ 1.75 ಎಂಎಂ, ಅಂದ್ರ 16ರದಕ್ಕಿಂತ ಸುತ್ತು ಹೆಚ್ಚು, ಮತ್ತ ಮುಂದಿನ ದವಡಿ ತೂಕಕ್ಕ, ಕೈ ಜಾರಿ ಬಿದ್ದ ಕೊಡತಿ ಏಟಿಗೆ ಬಾಗೋ ಸಂಭವ ಇರ್ತೈತಿ. ಒಂದು ರಾಡ್ ಬಾಗಿದ್ರೂ ದವಡಿ ಸಿಕ್ಕಾಕೊಳ್ತೈತಿ. ಈಗ ನೆಟ್ಟಗ ಐತಂದ್ರ ಹಂಗ ಬಳಸ್ರಿ, ಬಾಗಿದ ದಿನ 16ಕ್ಕ ಬದ್ಲಿ ಮಾಡ್ರಿ.

ಟೈ ರಾಡ್ ವಿಚಾರ ಚೊಲೋ ಐತಿ, ನಂಗೂ ಅದ್ರ ಮ್ಯಾಲ ಮನಸ್ಸೈತಿ. ಅದ್ರ ತ್ರೆಡ್ ಒರಟು, ಒಂದು ಸುತ್ತಿಗೆ 10 ಎಂಎಂ ಸುಮಾರು ಸರಿತೈತಿ, ಮತ್ತ ಅದ್ರ ವಿಂಗ್ ನಟ್ಟಿಗೆ ಎರಡು ಕಿವಿ ಇರೋದ್ರಿಂದ ವೆಲ್ಡಿಂಗ್ ಖರ್ಚೂ ಇಲ್ಲ, ಬಾಯಿ ತೆಗೆಯೋದು ಮುಚ್ಚೋದು ಕಣ್ಣುಮುಚ್ಚಿ ತೆಗೆಯೋದ್ರಾಗ ಆಗ್ತೈತಿ. ಆದ್ರ ಒಂದು ಸುತ್ತಿಗೆ ದೂರ ಹೆಚ್ಚಾದಷ್ಟೂ ಬಲ ಕಡಿಮಿ, ಕೈಲೆ ಬಿಗದಾಗ 16ರ ರಾಡಿನಷ್ಟು ಹಿಡಿತ ಬರಲ್ಲ, ಸುತ್ತಿಗಿಯಿಂದ ಕಿವಿಗೆ ಒಂದೇಟು ಹಾಕಬೇಕಾಗ್ತೈತಿ. ನೀವು ಬಾಗ್ಲ ಕಿಡಕಿ ಅಂತ ದೊಡ್ಡ ಕೆಲಸ ಮಾಡೋರಾದ್ರ ಅದನ್ನ ಹಾಕ್ರಿ, ಸಣ್ಣ ನಾಜೂಕು ಕೆಲಸಕ್ಕ ತೆಳು ತ್ರೆಡ್ಡ ಇರ್ಲಿ. ಗುಜರಿಯಾಗ ತಗೊಂಡ್ರ ಸಿಮೆಂಟ್ ಹತ್ತಿದ್ದು ಬ್ಯಾಡ, ನಟ್ಟು ಹಾಕಿ ಈ ತುದಿಯಿಂದ ಆ ತುದಿ ತನಕ ತಿರುಗಿಸಿ ನೋಡಿ ತಗೊಳ್ರಿ.

ಪ್ರಶ್ನೆ: ನಾವು ಕಿನ್ನಾಳ ಹತ್ರದವರು ರೀ. ನನ್ನ ಮಗಳು ಗೊಂಬಿ ಕೆತ್ತೋದು ಕಲ್ಯಾಕತ್ಯಾಳ, ಕಟ್ಟಿಗಿ ಭಾಳ ಹಗುರು, ಮೆತ್ತಗ. ವೈಸಿನಾಗ ಬಿಗದ್ರ ಕಲಿ ಬೀಳ್ತಾವ, ಸಡ್ಲ ಮಾಡಿದ್ರ ತಿರುಗ್ತೈತಿ. ಗುಂಡನ ಗೊಂಬಿ ಹೆಂಗ ಹಿಡಿಯೋದು?
(ಒಬ್ಬ ತಾಯಿ, ಕೊಪ್ಪಳ ತಾಲ್ಲೂಕು)

ಉತ್ತರ: ಅಕ್ಕಾರ, ಮಗಳು ಕಲ್ಯಾಕತ್ಯಾಳ ಅಂತ ಓದಿ ಭಾಳ ಖುಷಿ ಆತು. ಕಿನ್ನಾಳದ ಚಿತ್ರಗಾರರು ಪೊಲಿಕಿ ಅಂಥ ಹಗುರು ಕಟ್ಟಿಗಿ ಬಳಸೋದ ಅದಕ್ಕ, ಉಳಿ ಬೆಣ್ಯಾಗ ಹೋದಂಗ ಹೋಗ್ತೈತಿ, ಹಂಗಂತ ವೈಸಿನ ದವಡಿನೂ ಬೆಣ್ಯಾಗ ಇಳದಂಗ ಇಳೀತೈತಿ.

ದವಡಿ ಒಳಮುಖಕ್ಕ ಹಳೆ ಜೀನ್ಸ್ ಪ್ಯಾಂಟಿನ ದಪ್ಪ ಅರಿವಿ ಎರಡು ಪದರ ಅಂಟಿಸ್ರಿ, ಬಳ್ಳಾರಿ ಕಡೆ ನಿಮ್ಮೋರು ಯಾರರ ಇದ್ರ ಅಲ್ಲಿ ಜೀನ್ಸ್ ಹೊಲಿಯೋ ಕಡೆ ಉಳದ ತುಂಡು ಸಿಗ್ತಾವ. ಹಳೆ ಚಪ್ಪಲಿ ಇಲ್ಲಾ ಬೆಲ್ಟಿನ ತೊಗಲು ಇದ್ರ ಇನ್ನೂ ಚೊಲೋ, ಒರಟು ಮೈ ಹೊರಗ ಬರೋ ಹಂಗ ಹಚ್ರಿ. ಇದ್ರಿಂದ ಕಲಿ ಬೀಳೋದು ನಿಲ್ತೈತಿ, ಮತ್ತ ಅರ್ಧ ಬಲಕ್ಕ ಹಿಡಿತ ಬರ್ತೈತಿ.

ಗುಂಡನ ಮಾಲಿಗೆ ಬ್ಯಾರೆ ಉಪಾಯ. ಒಂದು ಕೈಯಗಲ ಕಟ್ಟಿಗಿ ತುಂಡು ಎರಡು ತಗೊಂಡು ಒಂದೊಂದಕ್ಕೂ ನಡುವ ಇಂಗ್ಲಿಷ್ ವಿ ಆಕಾರದ ಕಂಡಿ ಕೊಯ್ದು, ಗೊಂಬಿಯನ್ನ ಆ ಎರಡು ಕಂಡಿ ನಡುವ ಇಟ್ಟು ಬಿಗೀರಿ, ನಾಕು ಕಡೆ ಹಿಡಿತ ಸಿಗ್ತೈತಿ, ತಿರುಗೋದಿಲ್ಲ. ಇದಕ್ಕಿಂತ ಚೊಲೋ ಅಂದ್ರ ಕೆತ್ತಾಕ ಶುರು ಮಾಡುವಾಗನ ಗೊಂಬಿ ಬುಡದಾಗ ಎರಡು ಇಂಚು ಚೌಕ ಕಟ್ಟಿಗಿ ಹೆಚ್ಚಿಗಿ ಬಿಟ್ಕೋಬೇಕು, ವೈಸಿನಾಗ ಹಿಡಿಯೋದು ಆ ಚೌಕ ಬುಡ, ಗೊಂಬಿ ಮೈಗೆ ದವಡಿ ಮುಟ್ಟೋದೇ ಇಲ್ಲ, ಎಲ್ಲ ಮುಗದ ಮ್ಯಾಲ ಬುಡ ಕೊಯ್ದು ತಗದ್ರಾತು. ಹೊಸದಾಗಿ ಕಲಿಯೋರಿಗೆ ಇದನ್ನ ಮೊದ್ಲು ಹೇಳ್ಕೊಡ್ಬೇಕು ಅನ್ನೋನು ನಾನು.

ಮತ್ತ ಕೈಕಾಲು ಮುರದು ಅಂಟಿಸಬೇಕಾದಾಗ ವೈಸಿನ ಗೋಜಿಗೆ ಹೋಗಬ್ಯಾಡ್ರಿ, ಸೈಕಲ್ ಟ್ಯೂಬ್ ಅರ್ಧ ಇಂಚು ಅಗಲ ಉದ್ದಕ ಸೀಳಿ ಇಟ್ಕೊಂಡಿರಿ, ಫೆವಿಕಾಲ್ ಹಚ್ಚಿ ಜೋಡಿಸಿ ಆ ರಬ್ಬರ್ ಪಟ್ಟಿಯನ್ನ ಎಳದೆಳದು ಸುತ್ತಿ ತುದಿ ಸಿಗಿಸಿ ಬಿಟ್ರ ಎಂಥ ವಾರೆಕೋರೆ ಆಕಾರಕ್ಕೂ ಒತ್ತಡ ಸಮ ಬೀಳ್ತೈತಿ. ಮಗಳು ಎಷ್ಟು ವರ್ಷದಾಕಿ ಅಂತ ನೀವು ಬರದಿಲ್ಲ. ಸಣ್ಣಾಕಿ ಇದ್ರ ವೈಸ್ ಆಕಿ ಮಣಕೈ ಎತ್ತರಕ್ಕ ಬರೋ ಹಂಗ ಕಟ್ಟಿ ಹುಡುಕಿ ಇಡ್ರಿ, ಅದಕ್ಕಿಂತ ಎತ್ತರ ಇದ್ರ ಉಳಿ ಆಕಿ ಎದಿ ಕಡೆ ತಿರುಗ್ತೈತಿ.